ಇ.ಎಸ್.ಆರ್. ಹೆಚ್ಚಿದೆಯಾ? ಗಾಬರಿ ಬೇಡ, ಅಸಡ್ಡೆಯೂ ಬೇಡ

ಬೆಳಿಗ್ಗೆ ಎದ್ದರೆ ಬೆರಳು ಮಡಚೋಕಾಗಲ್ಲ. ಚಪಾತಿ ಹಿಟ್ಟು ಕಲಸೋಕೆ ಮಣಿಕಟ್ಟು ನೋವು. ‘ನೀರು ಹೊತ್ತು, ಬಟ್ಟೆ ಒಗೆದು ಹೀಗಾಗಿದೆ, ಬಿಡು’ ಅಂತ ಮುಲಾಮು ಹಚ್ಚಿಕೊಂಡು ಸುಮ್ಮನಾಗ್ತೀವಿ ಅಲ್ವಾ? ಹೆಗ್ಗನಹಳ್ಳಿ, ಸುಂಕದಕಟ್ಟೆ ಕಡೆ ಮನೆಯಲ್ಲೇ ಹೊಲಿಗೆ ಮಾಡುವವರು, ಗಾರ್ಮೆಂಟ್ಸ್‌ಗೆ ಹೋಗುವವರಂತೂ ನೋವನ್ನೆಲ್ಲ ಕೆಲಸದ ಲೆಕ್ಕಕ್ಕೇ ಹಾಕಿಬಿಡುತ್ತಾರೆ.

ಆದರೆ ಎದ್ದ ಮೇಲೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬೆರಳು ಬಿಗಿದುಕೊಂಡಿದ್ದು, ಗಿಣ್ಣುಗಳು ಊದಿ, ಇದು ವಾರಗಟ್ಟಲೆ ಮುಂದುವರಿದರೆ ಡಾಕ್ಟರಿಗೆ ತೋರಿಸಲೇಬೇಕು. ಅದು ರುಮಟಾಯ್ಡ್ ಆರ್ಥ್ರೈಟಿಸ್ ಇರಬಹುದು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು ಕಾಣುವ ಈ ಕಾಯಿಲೆಗೆ ಬೇಗ ಚಿಕಿತ್ಸೆ ಶುರುವಾದರೆ ಕೀಲುಗಳು ಸೊಟ್ಟಗಾಗುವುದನ್ನು ತಡೆಯಬಹುದು.

ಏನಿದು ಪರೀಕ್ಷೆ?

ಇಂಥ ಸಮಯದಲ್ಲಿ ಡಾಕ್ಟರು ಚೀಟಿಯಲ್ಲಿ ಸಾಮಾನ್ಯವಾಗಿ ಬರೆಯುವುದು ಇ.ಎಸ್.ಆರ್., ಸಿ.ಆರ್.ಪಿ. ಎರಡೂ ದೇಹದೊಳಗಿನ ಉರಿಯೂತವನ್ನು ತೋರಿಸುತ್ತವೆ.

ಅಕ್ಕಿ ತೊಳೆದ ನೀರು ಹಾಗೇ ಬಿಟ್ಟರೆ ಹಿಟ್ಟು ತಳಕ್ಕೆ ಕೂರುತ್ತದಲ್ಲ, ಇ.ಎಸ್.ಆರ್. ಕೂಡ ಹಾಗೇ. ಕೊಳವೆಯಲ್ಲಿ ನಿಲ್ಲಿಸಿದ ರಕ್ತದ ಕೆಂಪುಕಣಗಳು ಒಂದು ಗಂಟೆಯಲ್ಲಿ ಎಷ್ಟು ಮಿ.ಮೀ. ಇಳಿದವು ಅಂತ ನೋಡುತ್ತಾರೆ. ಉರಿಯೂತವಿದ್ದರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಬೇಗ ಇಳಿಯುತ್ತವೆ. 50 ದಾಟದ ಹೆಂಗಸರಲ್ಲಿ ಸುಮಾರು 20, ದಾಟಿದವರಲ್ಲಿ 30ರವರೆಗೆ ಸಾಮಾನ್ಯ. ರಕ್ತಹೀನತೆ ಇದ್ದರೆ, ಬಸುರಿಯಾಗಿದ್ದರೆ ಕಾಯಿಲೆ ಇಲ್ಲದೆಯೂ ಏರುತ್ತದೆ.

ಸಿ.ಆರ್.ಪಿ. ಯಕೃತ್ತಿನಲ್ಲಿ ತಯಾರಾಗುವ ಪ್ರೋಟೀನು. ಸೋಂಕು ತಗುಲಿದ ಕೆಲವೇ ಗಂಟೆಗಳಲ್ಲಿ ಏರಿ, ವಾಸಿಯಾದಂತೆ ಬೇಗ ಇಳಿಯುತ್ತದೆ. ಇ.ಎಸ್.ಆರ್. ಇಳಿಯಲು ವಾರಗಳೇ ಬೇಕು.

ಇವು ಹೊಗೆ ಕಂಡಿದೆ ಅಂತ ಹೇಳುತ್ತವೆ, ಬೆಂಕಿ ಎಲ್ಲಿದೆ ಅಂತ ಹೇಳುವುದಿಲ್ಲ. ನೆಗಡಿ ಜ್ವರದಲ್ಲೂ ಏರಬಹುದು. ಹಾಗೆಯೇ ವರದಿ ಸರಿಯಿದ್ದರೂ ಕೀಲುವಾತ ಇರಬಹುದು. ಊತ ಹೋಗಿಲ್ಲವೆಂದರೆ ಮತ್ತೆ ತೋರಿಸಿ.

ಹೋಗುವ ಮುನ್ನ ತಿಳಿದಿರಲಿ

* ಇವೆರಡಕ್ಕೇ ಆದರೆ ಖಾಲಿ ಹೊಟ್ಟೆ ಬೇಕಿಲ್ಲ. ಜೊತೆಗೆ ಸಕ್ಕರೆ ಪರೀಕ್ಷೆ ಇದ್ದರೆ ಕೇಳಿಕೊಳ್ಳಿ.
* ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಡಾಕ್ಟರಿಗೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ.
* ಸಿ.ಆರ್.ಪಿ. ಅಳತೆ ಗಮನಿಸಿ. ಡೆಸಿಲೀಟರಿಗೆ 1 ಮಿ.ಗ್ರಾಂ ಅಂದರೆ ಲೀಟರಿಗೆ 10 ಮಿ.ಗ್ರಾಂ. ಒಂದು ಲ್ಯಾಬಿನ 1, ಇನ್ನೊಂದರ 10 ಎರಡೂ ಒಂದೇ! ಸಾಧ್ಯವಾದರೆ ಪ್ರತಿಸಲ ಒಂದೇ ಲ್ಯಾಬಿನಲ್ಲಿ ಮಾಡಿಸಿ, ಹಳೇ ವರದಿಗಳನ್ನು ಜೋಪಾನವಾಗಿಡಿ.
* ‘ಹೈ ಸೆನ್ಸಿಟಿವಿಟಿ ಸಿ.ಆರ್.ಪಿ.’ ಹೃದಯದ ಅಪಾಯ ತಿಳಿಯಲು ಮಾಡುವುದು. ಕೀಲು ನೋವಿಗೆ ಅದು ಬೇಕಿಲ್ಲ.
* ಆಫರ್ ಇದೆ ಅಂತ ಪ್ಯಾಕೇಜ್ ಮಾಡಿಸಿಕೊಂಡು, ಕೆಂಪಕ್ಷರದ ಸಂಖ್ಯೆ ನೋಡಿ ನಿದ್ದೆಗೆಡಬೇಡಿ. ಮೊದಲು ಡಾಕ್ಟರು, ಆಮೇಲೆ ಲ್ಯಾಬು.
* ನಿಮ್ಮ ಅಥವಾ ಯಜಮಾನರ ಸಂಬಳದಲ್ಲಿ ಇ.ಎಸ್.ಐ. ಹಣ ಕಡಿತವಾಗುತ್ತಿದ್ದರೆ ನಿಮಗೂ ಚಿಕಿತ್ಸೆ ಸಿಗುತ್ತದೆ. ಮೊದಲು ನಿಮ್ಮ ಇ.ಎಸ್.ಐ. ಚಿಕಿತ್ಸಾಲಯಕ್ಕೆ ಹೋಗಿ. ಅಲ್ಲಿಂದ ಅಗತ್ಯವಿದ್ದರೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗೆ ಬರೆದುಕೊಡುತ್ತಾರೆ. ಕಾರ್ಡ್ ಇಲ್ಲದವರು ಹತ್ತಿರದ ನಮ್ಮ ಕ್ಲಿನಿಕ್‌ನಲ್ಲಿ ವಿಚಾರಿಸಿ.

ಒಂದೇ ಕೀಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಜ್ವರವೂ ಬಂದರೆ ಮಾತ್ರ ವರದಿಗಾಗಿ ಕಾಯಬೇಡಿ. ಅಂದೇ ಆಸ್ಪತ್ರೆಗೆ ಹೋಗಿ. ಮನೆಯವರ ಊಟ ಒಂದು ದಿನ ತಡವಾದರೂ ಪರವಾಗಿಲ್ಲ.