‘ನಿನ್ನ ಕನ್ನಡ ಚೆನ್ನಾಗಿದೆಯಲ್ಲ!’

ಕಳೆದ ತಿಂಗಳು ವಿದ್ಯಾರ್ಥಿವೇತನಕ್ಕಾಗಿ ಖಾತೆ ತೆರೆಯಲು ಅಮ್ಮಿಯ ಜೊತೆ ಒಂದು ಬ್ಯಾಂಕಿಗೆ ಹೋಗಿದ್ದೆ. ಅರ್ಜಿ ತುಂಬಿ ಕೊಟ್ಟಾಗ ಕೌಂಟರಿನಲ್ಲಿದ್ದವರು ನಗುತ್ತಾ, “ನಿನ್ನ ಕನ್ನಡ ತುಂಬಾ ಚೆನ್ನಾಗಿದೆಯಲ್ಲ! ನಿಮ್ಮವರಿಗೆ ಬರೋದೇ ಇಲ್ಲ” ಎಂದರು. ನಾನು “ಥ್ಯಾಂಕ್ಸ್ ಸರ್” ಎಂದುಬಿಟ್ಟೆ. ಪಕ್ಕದಲ್ಲೇ ಅಮ್ಮಿ ನಿಂತಿದ್ದರು. ಮಾತನಾಡಲು ತಡವರಿಸಿದರೂ ಅವರಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಆಟೋದಲ್ಲಿ ಮನೆ ತಲುಪುವವರೆಗೆ ಅವರು ಮಾತಾಡಲಿಲ್ಲ.

ಇಂಥ ಮಾತು ನಮ್ಮಲ್ಲಿ ಬಹಳ ಜನ ಕೇಳಿದ್ದೇವೆ. ಹೇಳುವವರು ಹೊಗಳುತ್ತಿದ್ದೇವೆ ಎಂದೇ ಭಾವಿಸಿರುತ್ತಾರೆ. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ, ನನಗೆ ಜಮಾ ಮಾಡಿದ್ದನ್ನು ಅವರು ಅಮ್ಮಿಯ ಲೆಕ್ಕದಲ್ಲಿ ಖರ್ಚು ಹಾಕಿದ್ದರು. (ಜಮಾ, ಖರ್ಚು, ಬಾಕಿ, ವಸೂಲಿ ಎಲ್ಲವೂ ಅರಬ್ಬಿ, ಪಾರಸಿಯಿಂದ ಬಂದ ಪದಗಳು. ಅವಿಲ್ಲದೆ ಯಾವ ಕನ್ನಡ ಅಂಗಡಿಯ ಲೆಕ್ಕವೂ ನಡೆಯದು!)

ಹಾಗಾದರೆ ಏನು ಹೇಳಬೇಕಿತ್ತು? ನಿಸಾರ್ ಅಹಮದ್ ಅವರ ಹೆಸರು ಹೇಳುವುದು ನಮ್ಮ ಹಳೆಯ ಅಭ್ಯಾಸ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಇನ್ನೊಂದು ಹೆಸರು ಸಿಕ್ಕಿದೆ. ಹೆಮ್ಮೆಯ ವಿಷಯವೇ. ಆದರೂ ಈ ಉತ್ತರ ನನಗೆ ಪೂರ್ತಿ ಹಿಡಿಸುವುದಿಲ್ಲ. ಬ್ಯಾಂಕಿನಲ್ಲಿ ಅಮ್ಮಿಗೆ ಮರ್ಯಾದೆ ಸಿಗಲು ಬೂಕರ್ ಏಕೆ ಬೇಕು?

ನನಗೆ ಕೆಲಸಕ್ಕೆ ಬಂದದ್ದು ಒಂದು ಸಣ್ಣ ಪ್ರಶ್ನೆ: “ನಿಮ್ಮವರು ಅಂದ್ರೆ ಯಾರು?” ಇದನ್ನು ಸಿಟ್ಟಿಲ್ಲದೆ, ಮೆಲ್ಲಗೆ ಕೇಳಬೇಕು. ಹತ್ತು ಜನರ ಎದುರು ಕೇಳಿದರೆ ಎದುರಿನವರು ಮಾನ ಉಳಿಸಿಕೊಳ್ಳಲು ವಾದಕ್ಕೆ ಇಳಿಯುತ್ತಾರೆ. ಒಬ್ಬರನ್ನೇ ಕೇಳಿದರೆ ತಮ್ಮ ಮಾತನ್ನು ತಾವೇ ಒಮ್ಮೆ ತಿರುಗಿ ನೋಡುತ್ತಾರೆ. ನೋವಾಯಿತು ಎಂದು ಹೇಳಿದ ಮೇಲೂ ಅದನ್ನೇ ಆಡಿದರೆ ಅದು ಅಜಾಗರೂಕತೆಯಲ್ಲ. ಆಗ ಹಿರಿಯರಿಗೆ, ಉಪನ್ಯಾಸಕರಿಗೆ ತಿಳಿಸಲೇಬೇಕು.

ಈ ಪ್ರಶ್ನೆ ನನ್ನ ಸ್ವಂತ ಶೋಧವೇನಲ್ಲ. ಪ್ರಥಮ ಪಿಯುಸಿಯಲ್ಲಿ ಮಂಗಳೂರು ಕಡೆಯ ಸಹಪಾಠಿಯೊಬ್ಬಳಿಗೆ, “ಮುಸ್ಲಿಮಳಾಗಿ ಉರ್ದು ಬರಲ್ವಾ?” ಎಂದಿದ್ದೆ. ಅವಳ ಮನೆಮಾತು ಬ್ಯಾರಿ. ಅವಳು ನಕ್ಕು, “ನಿಂಗೆ ಬ್ಯಾರಿ ಬರುತ್ತಾ?” ಎಂದಳು. ನನ್ನ ಮುಖ ಕೆಂಪಾಯಿತು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಮುಸ್ಲಿಮರು ಶೇ. 12.9ರಷ್ಟು, ಉರ್ದು ಮನೆಮಾತಿನವರು ಶೇ. 10.8ರಷ್ಟು. ಉಳಿದವರಲ್ಲಿ ಬ್ಯಾರಿಯವರಿದ್ದಾರೆ, ಭಟ್ಕಳದ ನವಾಯತಿ ಆಡುವವರಿದ್ದಾರೆ, ಮನೆಯಲ್ಲೂ ಕನ್ನಡವನ್ನೇ ಆಡುವವರಿದ್ದಾರೆ. ಹಾಗೆ ನೋಡಿದರೆ ನಮ್ಮ ಮನೆಯಲ್ಲಿ ಆಡುವ ದಖ್ಖನಿಯನ್ನು ‘ಇದೆಂಥ ಉರ್ದು’ ಎಂದು ನಗುವ ಲಕ್ನೋ ಕಡೆಯ ಸಂಬಂಧಿಕರೂ ನಮಗಿದ್ದಾರೆ.

ಕಳೆದ ವಾರ ಪಾಸ್‌ಬುಕ್ ತರಲು ಅದೇ ಬ್ಯಾಂಕಿಗೆ ಹೋದೆವು. ನಾನು ನನ್ನ ಪ್ರಶ್ನೆಯನ್ನು ಸಿದ್ಧವಾಗಿಟ್ಟುಕೊಂಡಿದ್ದೆ. ಅವರಿಗೆ ನಮ್ಮ ನೆನಪೇ ಇರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅಮ್ಮಿ ಮುಂದೆ ಬಂದು, “ಸಾರ್, ಬಡ್ಡಿ ಎಷ್ಟು ಬರ್ತದೆ?” ಎಂದರು. ಅವರು ಅಮ್ಮಿಯ ಮುಖ ನೋಡಿಯೇ ನಿಧಾನವಾಗಿ ವಿವರಿಸಿದರು.

ಹೊರಗೆ ಬಂದ ಮೇಲೆ ಅಮ್ಮಿ ನನ್ನನ್ನು ಕೇಳಿದರು: “ಬರ್ತದೆ ಸರೀನಾ, ಬರುತ್ತೆ ಸರೀನಾ?”

ಎರಡೂ ಸರಿ ಎಂದೆ.