ಝಳ ದಾಟಿದ ಹೇಂಟೆ ಸೆಕೆಗೆ ಸೋತಾಗ

ಮೇ ತಿಂಗಳಿಡೀ 45 ಡಿಗ್ರಿ ಬಿಸಿಲಿನಲ್ಲಿ ಬದುಕಿದ ಹೇಂಟೆ, ಮಳೆ ಶುರುವಾದ ಮೇಲೆ ಜುಲೈನ 36 ಡಿಗ್ರಿಯಲ್ಲಿ ಸತ್ತಿತು. ಗ್ರೇಟರ್ ನೋಯ್ಡಾದ ಹಿತ್ತಿಲಲ್ಲಿ ಕೋಳಿ ಸಾಕಲು ಹೊರಟ ಮೊದಲ ವರ್ಷದ ಕಥೆ ಇದು. ಅಂದು ಮೋಡ ಕವಿದಿತ್ತು. ಬಾನಿ ತುಂಬ ನೀರಿತ್ತು, ಗೋಣಿಪರದೆ ತೊಟ್ಟಿಕ್ಕುತ್ತಿತ್ತು, ಕೂಲರ್ ತಿರುಗುತ್ತಿತ್ತು. ಬೇಸಿಗೆಯಲ್ಲಿ ಜೀವ ಉಳಿಸಿದ್ದ ಏರ್ಪಾಡುಗಳೆಲ್ಲ ಹಾಗೇ ಇದ್ದವು. ತಪ್ಪಾದದ್ದೇ ಅಲ್ಲಿ.

ಪುತ್ತೂರು ಕಡೆಯ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಬೇಸಿಗೆಗೆ ಕನ್ನಡದಲ್ಲಿ ಎರಡು ಮಾತಿದೆ. ರಾಯಚೂರು, ಕಲಬುರಗಿಯದು ಝಳ, ಮಂಗಳೂರಿನದು ಸೆಕೆ. ಝಳ ಮುಖಕ್ಕೆ ಹೊಡೆಯುತ್ತದೆ, ಸೆಕೆ ಮೈಗೆ ಅಂಟಿಕೊಳ್ಳುತ್ತದೆ. ಇಲ್ಲಿನವರು ಒಂದನ್ನು ಲೂ ಎನ್ನುತ್ತಾರೆ, ಇನ್ನೊಂದನ್ನು ಉಮಸ್. ಕರ್ನಾಟಕದಲ್ಲಾದರೆ ಝಳ, ಸೆಕೆಗಳ ನಡುವೆ ಒಂದಿಡೀ ಘಟ್ಟವಿದೆ. ಗ್ರೇಟರ್ ನೋಯ್ಡಾದಲ್ಲಿ ಎರಡೂ ಒಂದೇ ಹಿತ್ತಿಲಿಗೆ, ಒಂದು ತಿಂಗಳ ಅಂತರದಲ್ಲಿ ಬರುತ್ತವೆ.

ಊರು ಮರುಭೂಮಿಯಲ್ಲ. ಒಂದು ಕಡೆ ಹಿಂಡನ್, ಇನ್ನೊಂದು ಕಡೆ ಯಮುನೆ. ಆಲ್ಫಾ, ಬೀಟಾ, ಗಾಮಾ ಎಂದು ಗ್ರೀಕ್ ಅಕ್ಷರಮಾಲೆಯನ್ನೇ ಬಡಾವಣೆಗಳಿಗೆ ಹಂಚಿದ ನಗರವಿದು. ಮರುಭೂಮಿ ಇಲ್ಲಿಗೆ ಬರುವುದು ಗಾಳಿಯ ರೂಪದಲ್ಲಿ, ರಾಜಸ್ಥಾನದ ದಿಕ್ಕಿನಿಂದ, ಏಪ್ರಿಲ್ ಕೊನೆಗೆ. ನೀರು ತೊಟ್ಟಿಕ್ಕುವ ಹುಲ್ಲಿನ ಕೂಲರಿಗೆ ಅಂಗಡಿಯವರು ‘ಡೆಸರ್ಟ್ ಕೂಲರ್’ ಎನ್ನುವುದು ಸುಮ್ಮನೆ ಅಲ್ಲ. 2024ರ ಮೇ 29ರಂದು ದೆಹಲಿಯ ಮುಂಗೇಶ್‌ಪುರದ ಮಾಪಕ 52.9 ಡಿಗ್ರಿ ತೋರಿಸಿ ದೇಶವನ್ನೇ ಬೆಚ್ಚಿಬೀಳಿಸಿತ್ತು. ಮಾಪಕ 3 ಡಿಗ್ರಿ ಹೆಚ್ಚಿಗೆ ತೋರಿಸುತ್ತಿತ್ತೆಂದು ಹವಾಮಾನ ಇಲಾಖೆ ಆಮೇಲೆ ತಿದ್ದಿತು. ಆ 3 ಡಿಗ್ರಿ ಕಳೆದರೂ ಉಳಿಯುವುದು ಸುಮಾರು 50. ಕೋಳಿಗೆ ಆ ತಿದ್ದುಪಡಿಯಿಂದ ಏನೂ ಲಾಭವಿಲ್ಲ.

ಕೋಳಿಯ ಮೈ ಆರೋಗ್ಯವಾಗಿದ್ದಾಗಲೇ 41 ಡಿಗ್ರಿ ಆಸುಪಾಸಿನಲ್ಲಿರುತ್ತದೆ. 46–47 ಮುಟ್ಟಿದರೆ ಅದು ಉಳಿಯುವುದಿಲ್ಲ. ಅದಕ್ಕೆ ಬೆವರಿನ ಗ್ರಂಥಿಗಳಿಲ್ಲ. ಇರುವುದು ಜುಟ್ಟು, ಕೊರಳ ಜೋಲು, ಪುಕ್ಕವಿಲ್ಲದ ಕಾಲು ಮತ್ತು ತೆರೆದ ಬಾಯಿ. ರೆಕ್ಕೆಯನ್ನು ಮೈಯಿಂದ ದೂರ ಹಿಡಿದು, ಬಾಯಿ ಕಳೆದು ಏದುಸಿರು ಬಿಡುವ ಕೋಳಿ ಒಂದು ಪುಟ್ಟ ಡೆಸರ್ಟ್ ಕೂಲರೇ. ಗಂಟಲಿನ ತೇವ ಆರಿದಷ್ಟೂ ಮೈ ತಣಿಯುತ್ತದೆ. ಒಣ ಗಾಳಿಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಗಾಳಿಯೇ ಒದ್ದೆಯಾಗಿದ್ದರೆ ತೇವ ಆರುವುದೆಲ್ಲಿಗೆ? ಮನೆಯ ಕೂಲರ್ ಜುಲೈನಲ್ಲಿ ಹಾಸಿಗೆಯನ್ನೆಲ್ಲ ಜಿಗುಟು ಮಾಡಿ ಕೆಲಸಕ್ಕೆ ಬಾರದೇ ಹೋಗುವುದು ಯಾವ ಕಾರಣಕ್ಕೋ, ಕೋಳಿಯ ಗಂಟಲು ಸೋಲುವುದೂ ಅದೇ ಕಾರಣಕ್ಕೆ. ಅಂಥ ಹೊತ್ತಿನಲ್ಲಿ ಗೂಡಿಗೆ ನಾನು ಇನ್ನಷ್ಟು ತೇವ ಊದುತ್ತಿದ್ದೆ.

ಹಾಗಾಗಿ ಈಗ ನನ್ನ ಗೂಡಿಗೆ ವರ್ಷದಲ್ಲಿ ಎರಡು ಸಂಸಾರ. ಮೇ, ಜೂನ್ ಅರ್ಧದವರೆಗೆ ನೀರಿನ ಸಂಸಾರ. ಪಶ್ಚಿಮಕ್ಕೆ ಖಸ್ ಪರದೆ. ಖಸ್ ಎಂದರೆ ನಮ್ಮ ಲಾವಂಚವೇ. ಒದ್ದೆ ಮಾಡಿದರೆ ಗೂಡೆಲ್ಲ ಊರಿನ ನೀರಿನ ಹೂಜಿಯ ಘಮ. ಬರೀ ಫ್ಯಾನ್ ಈ ಕಾಲಕ್ಕೆ ಅಪಾಯ: ಹೊರಗೆ 45, ಕೋಳಿಯ ಮೈ 41 ಇದ್ದಾಗ ಬೀಸುವ ಗಾಳಿ ಬಿಸಿಯನ್ನು ತೆಗೆಯುವುದಿಲ್ಲ, ಒಳಗೆ ತುಂಬುತ್ತದೆ. ಮಳೆ ಬಂದ ಮೇಲೆ ಎಲ್ಲ ತಿರುಗುಮುರುಗು. ಪರದೆ ಕಳಚಿ, ಕೂಲರಿನ ನೀರು ನಿಲ್ಲಿಸಿ, ನೆಲದ ಹೊಟ್ಟು ಬದಲಿಸಿ, ಫ್ಯಾನ್ ಒಂದನ್ನೇ ಜೋರಾಗಿ ಬಿಡುವುದು. ಆಗ ಹೊರಗಿನ ಗಾಳಿ ಕೋಳಿಯ ಮೈಗಿಂತ ತಂಪು. ಅದು ಓಡಾಡುತ್ತಿದ್ದರೆ ಸಾಕು.

ಕುಡಿಯುವ ನೀರಿನದ್ದು ಬೇರೆಯೇ ಸಮಸ್ಯೆ. ತಾರಸಿಯ ಕಪ್ಪು ಟ್ಯಾಂಕಿನ ನಲ್ಲಿ ತಿರುಗಿಸಿದರೆ ಮಧ್ಯಾಹ್ನ ಎರಡಕ್ಕೆ ಸ್ನಾನಕ್ಕೂ ಆಗದಷ್ಟು ಬಿಸಿನೀರು. ಕೋಳಿ ಕೊಕ್ಕು ಅದ್ದಿ ತಲೆ ಕೊಡವಿ ಹೋಗುತ್ತದೆ. ನೀರು ಇಟ್ಟಿದ್ದೇನೆಂದು ನಾವು ನೆಮ್ಮದಿಯಾಗಿರುತ್ತೇವೆ, ಅದು ಬಾಯಾರಿಯೇ ಇರುತ್ತದೆ. ಬೆಳಿಗ್ಗೆಯೇ ಮಣ್ಣಿನ ಮಡಕೆಯಲ್ಲಿ ತುಂಬಿಟ್ಟು, ಅದರಿಂದ ಎರಡು ತಾಸಿಗೊಮ್ಮೆ ಬಾನಿಗೆ ಸುರಿಯುತ್ತೇನೆ. ಕಾಲು ಮುಳುಗುವಷ್ಟು ನೀರಿನ ಅಗಲ ತಟ್ಟೆ ಇನ್ನೊಂದು. ಮೇವು ಬೆಳಿಗ್ಗೆ ಐದಕ್ಕೆ, ಮತ್ತೆ ಹೊತ್ತು ಮುಳುಗಿದ ಮೇಲೆ. ತಿಂದದ್ದು ಅರಗುವಾಗಲೂ ಮೈ ಕಾಯುತ್ತದೆ. ಹತ್ತು ಗಂಟೆಗೆ ತಿಂದ ಕಾಳಿನ ಕಾವು ನಡುಮಧ್ಯಾಹ್ನದ ಬಿಸಿಲಿಗೆ ಜೊತೆಯಾಗುತ್ತದೆ. ನಡುವೆ ಕಲ್ಲಂಗಡಿ ಸಿಪ್ಪೆ ಮಾತ್ರ.

ಏದುಸಿರಿಗೆ ಮೊಟ್ಟೆಯೂ ಬೆಲೆ ತೆರುತ್ತದೆ. ಉಸಿರಿನೊಂದಿಗೆ ಇಂಗಾಲದ ಡೈಆಕ್ಸೈಡ್ ವಿಪರೀತ ಹೊರಹೋಗಿ, ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ರಕ್ತದಲ್ಲಿ ಕಡಿಮೆಯಾಗುತ್ತದೆ. ಜೂನ್ ಮೊಟ್ಟೆ ಕೈಯಲ್ಲಿ ಹಿಡಿದರೆ ಬಿರುಕು. 1980ರ ದಶಕದಲ್ಲಿ ಅಮೆರಿಕದ ಸಂಶೋಧಕರು ಬೇಸಿಗೆಯ ಹೇಂಟೆಗಳಿಗೆ ಸೋಡಾ ನೀರು ಕುಡಿಸಿ ಚಿಪ್ಪು ಗಟ್ಟಿಯಾಗುವುದನ್ನು ತೋರಿಸಿದ್ದರು. ಗೋಲಿಸೋಡಾ ಕುಡಿಯುವ ಹೇಂಟೆಯನ್ನು ನೆನೆದು ನಾನು ನಕ್ಕಿದ್ದೇನೆಯೇ ಹೊರತು ಪ್ರಯೋಗಿಸಿಲ್ಲ. ಚಿಪ್ಪಿನ ಪುಡಿಯ ಬಟ್ಟಲೊಂದನ್ನು ಬೇರೆ ಇಟ್ಟಿದ್ದೇನೆ.

ಊರಿನ ಅಭಿಮಾನಕ್ಕೆ ಗಿರಿರಾಜ ತರಬೇಕೆಂದಿದ್ದೆ. ಹೆಬ್ಬಾಳದಲ್ಲಿ ರೂಪುಗೊಂಡ ತಳಿ. ನೋಡಲು ಗಂಭೀರ, ತೂಕದಲ್ಲೂ ಗಂಭೀರ. ಭಾರದ ಮೈ ಬಿಸಿಯನ್ನು ಬೇಗ ಬಿಟ್ಟುಕೊಡುವುದಿಲ್ಲವಾದ್ದರಿಂದ ಈ ಊರಿಗೆ ಬೇಡವೆನಿಸಿತು. ಇದೇ ಉತ್ತರ ಪ್ರದೇಶದ ಬರೇಲಿ ಪಕ್ಕದ ಇಜ್ಜತ್‌ನಗರದಲ್ಲಿ 1979ರಿಂದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯಿದೆ, ಇಂಗ್ಲಿಷಿನ ಮೊದಲಕ್ಷರಗಳಲ್ಲಿ ‘ಕಾರಿ’. ಬೋಳುಕತ್ತಿನ ಕೋಳಿಯಿಂದ ಅವರು ಮಾಡಿದ ಮಿಶ್ರತಳಿ ‘ಹಿತ್‌ಕಾರಿ’, ಗುಂಗುರು ಪುಕ್ಕದ್ದು ‘ಉಪ್‌ಕಾರಿ’. ಹೆಸರಿಟ್ಟವರ ತಮಾಷೆ ಕನ್ನಡಕ್ಕೂ ಒಪ್ಪುತ್ತದೆ. ಬೋಳುಕತ್ತಿನ ಗುಣವಿದ್ದರೆ ಪುಕ್ಕವೇ ಶೇ 20ರಿಂದ 40ರಷ್ಟು ಕಡಿಮೆ. ಅಷ್ಟರ ಮಟ್ಟಿಗೆ ಕಂಬಳಿ ಕಳಚಿಟ್ಟಂತೆ. ಕೊನೆಗೆ ತಂದದ್ದು ಬೋಳುಕತ್ತಿನದ್ದನ್ನೇ. ಚೆಂದವಿಲ್ಲ, ನಿಜ. ಮನೆಗೆ ಬಂದವರು ಕಾಯಿಲೆಯ ಕೋಳಿಯೇ ಎಂದು ಕೇಳುತ್ತಾರೆ.

ಊರಲ್ಲಿ ಅಜ್ಜಿ ಕತ್ತಲಾಗುತ್ತಲೇ ಕೋಳಿಗಳನ್ನು ಮರದ ಗೂಡಿಗೆ ನೂಕಿ ಹಲಗೆ ಮುಚ್ಚುತ್ತಿದ್ದರು. ನರಿ, ಕಾಡುಬೆಕ್ಕುಗಳ ಭಯ. ಇಲ್ಲಿ ಹಾಗೆ ಮುಚ್ಚಿದರೆ ಬೆಳಿಗ್ಗೆಗೆ ಬೆಂದಿರುತ್ತವೆ. ಹಗಲಿಡೀ ಕಾದ ಕಾಂಕ್ರೀಟ್ ಗೋಡೆ ರಾತ್ರಿಯೂ ಕಾವು ಬಿಡುತ್ತಿರುತ್ತದೆ. ತೆರೆದಿಟ್ಟರೆ ಬೆಕ್ಕು, ಬೀದಿನಾಯಿ, ಬೆಳಗಿನ ಜಾವಕ್ಕೆ ಮುಂಗುಸಿ. ಮುಂಗುಸಿಗೆ ಕಾನೂನಿನ ರಕ್ಷಣೆಯಿದೆ, ಬೋನು ವಿಷಗಳ ಮಾತಿಲ್ಲ. ಆದ್ದರಿಂದ ನಾಲ್ಕು ಗೋಡೆಯೂ ಅರ್ಧ ಇಂಚು ಕಣ್ಣಿನ ಬೆಸುಗೆ ಜಾಲರಿ. ಪೇಟೆಯಲ್ಲಿ ‘ಕೋಳಿ ಜಾಲರಿ’ ಎಂದು ಮಾರುವ ತೆಳು ತಂತಿ ಕೋಳಿಯನ್ನು ಒಳಗಿಡುತ್ತದಷ್ಟೇ, ನಾಯಿಯನ್ನು ಹೊರಗಿಡುವುದಿಲ್ಲ. ಬಗೆದು ನುಗ್ಗದಂತೆ ಜಾಲರಿಯನ್ನು ನೆಲದಲ್ಲಿ ಒಂದಡಿ ಹೊರಕ್ಕೆ ಮಡಚಿ ಹೂತಿದ್ದೇನೆ. ಮೇಲೆ ತಗಡು, ತಗಡಿನ ಮೇಲೆ ಸರ್ಕಂಡಾ ಹುಲ್ಲು.

ಮಾಡು ಬೇಕೆನ್ನಲು ಇನ್ನೊಂದು ಕಾರಣವಿದೆ. ಇಲ್ಲಿನ ಸೂರಜ್‌ಪುರದ ಜೌಗಿಗೆ ಚಳಿಗಾಲದಲ್ಲಿ ವಲಸೆ ಬಾತುಗಳು ಬರುತ್ತವೆ, ನೋಡಲು ಹಬ್ಬ, ಆದರೆ ಅವು ಹಕ್ಕಿಜ್ವರವನ್ನೂ ತರಬಹುದು. 2021ರ ಜನವರಿಯಲ್ಲಿ ಹಕ್ಕಿಜ್ವರದ ಭಯಕ್ಕೆ ದೆಹಲಿಯ ಗಾಜಿಪುರ ಕೋಳಿ ಮಾರುಕಟ್ಟೆಯನ್ನೇ ಮುಚ್ಚಿಸಿದ್ದರು. ಹಾರುವ ಹಕ್ಕಿಯ ಹಿಕ್ಕೆ ನಮ್ಮ ಬಾನಿಗೆ ಬೀಳಬಾರದು. ಆದರೆ ಹಿತ್ತಿಲ ಕೋಳಿಗೆ ಹೆಚ್ಚು ಹತ್ತಿರದ ಶತ್ರು ಕೊಕ್ಕರೆ ರೋಗ. ವೈದ್ಯರು ಅದನ್ನು ರಾಣಿಖೇತ್ ಎನ್ನುತ್ತಾರೆ. ನೋಯ್ಡಾದವರು ಮೇ ತಿಂಗಳಲ್ಲಿ ತಂಪಿಗೆ ಓಡುವ ಕುಮಾವೂಂ ಗಿರಿಧಾಮದ ಹೆಸರೇ ಅದು. 1920ರ ದಶಕದ ಕೊನೆಗೆ ರೋಗವನ್ನು ಅಲ್ಲಿ ಗುರುತಿಸಿದ್ದರು. ಲಸಿಕೆಯ ಸೀಸೆ ನೂರಾರು ಕೋಳಿಗಳ ಲೆಕ್ಕದ್ದು, ಒಡೆದ ಮೇಲೆ ಇಡುವಂತಿಲ್ಲ. ನನ್ನ ಬಳಿ ಇರುವುದು ಐದು. ಹಾಗಾಗಿ ಲಸಿಕೆಯ ದಿನ ಪಕ್ಕದ ಹಳ್ಳಿಯ ಕೋಳಿ ಸಾಕುವವರಿಗೆ ಹೇಳಿಕಳಿಸುತ್ತೇನೆ. ಬುಟ್ಟಿಗಳು ಬರುತ್ತವೆ, ಐಸಿನ ಡಬ್ಬದ ಸುತ್ತ ಚಹಾ ಆಗುತ್ತದೆ, ಆ ಬುಟ್ಟಿಗಳಲ್ಲಿ ನನ್ನದಕ್ಕಿಂತ ಚೆಂದದ ಕೋಳಿಗಳಿರುತ್ತವೆ.

ಈ ಸಲ ಮಾರ್ಚಿಗೇ ಹೇಂಟೆಗಳು ಬೇವಿನ ಬುಡದಲ್ಲಿ ಕುಳಿ ತೋಡಿಕೊಂಡು ಕೂತಿವೆ. ಕೈ ಇಟ್ಟು ನೋಡಿದೆ: ಗೇಣು ಆಳದ ಮಣ್ಣು ಆಗಲೂ ತಣ್ಣಗಿತ್ತು. ಪಕ್ಕದಲ್ಲಿ ಇನ್ನೆರಡು ಕುಳಿ ನಾನೇ ತೋಡಿಕೊಟ್ಟೆ. ಅವು ಅದರತ್ತ ತಿರುಗಿಯೂ ನೋಡಲಿಲ್ಲ.