ಹಳೆಯ ಮನೆಗೆ ಹೊಸ ಬಾಳು

ಮಂಡ್ಯದ ಹಳೆಯ ಬೀದಿಗಳಲ್ಲಿ, ಮದ್ದೂರು, ಮಳವಳ್ಳಿ ಸುತ್ತಿನ ಊರುಗಳಲ್ಲಿ ಒಂದು ಬಗೆಯ ಮನೆಗಳನ್ನು ನೀವು ನೋಡಿರುತ್ತೀರಿ. ಎದುರಿಗೆ ಜಗಲಿ, ಮೇಲೆ ಮಂಗಳೂರು ಹೆಂಚು, ಮೊಳದಷ್ಟು ದಪ್ಪದ ಗೋಡೆ, ಕೆಲವಕ್ಕೆ ನಡುವೆ ತೊಟ್ಟಿ, ಹಿಂದೆ ಹಿತ್ತಲು. ಕೃಷ್ಣರಾಜಸಾಗರದ ನೀರು 1930ರ ದಶಕದಲ್ಲಿ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿಯಿತು (ಆಗ ಅದರ ಹೆಸರು ಇರ್ವಿನ್ ನಾಲೆ). 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕಬ್ಬು, ಭತ್ತದ ಹಣ ಕೈಗೆ ಬಂದ ಕುಟುಂಬಗಳು ನಂತರದ ಎರಡು ಮೂರು ದಶಕಗಳಲ್ಲಿ ಇಂಥ ಮನೆಗಳನ್ನು ಕಟ್ಟಿಸಿದವು.

ಈಗ ಅವುಗಳಿಗೆ ಅರವತ್ತು, ಎಪ್ಪತ್ತು ವರ್ಷ. ಕಟ್ಟಿಸಿದವರ ಮೊಮ್ಮಕ್ಕಳ ಮುಂದೆ ಒಂದು ಪ್ರಶ್ನೆ ಇದೆ. ಕೆಡವಿ ತಾರಸಿ ಮನೆ ಕಟ್ಟುವುದೋ, ಇರುವುದನ್ನು ಸರಿಪಡಿಸಿ ಎರಡು ಕೋಣೆ ಸೇರಿಸುವುದೋ? ಕೆಡವಬೇಕು ಎನ್ನುವವರು ಸಾಮಾನ್ಯವಾಗಿ ತೋರಿಸುವುದು ಗೋಡೆಯ ಬುಡವನ್ನು. ಅಲ್ಲಿ ತೇವ, ಉಬ್ಬಿದ ಬಣ್ಣ, ಬೆರಳು ತಾಗಿದರೆ ಉದುರುವ ಬಿಳಿ ಪುಡಿ. “ಮನೆಗೆ ವಯಸ್ಸಾಯಿತು” ಎಂಬುದು ತೀರ್ಪು. ಇದು ಸರಿಯೇ? ಅನೇಕ ಮನೆಗಳಲ್ಲಿ ದೋಷ ಹಳೆಯ ಗೋಡೆಯದಲ್ಲ. ನಡುವೆ ಯಾವಾಗಲೋ ಅದನ್ನು ‘ಗಟ್ಟಿ’ ಮಾಡಲೆಂದು ಬಳಿದ ಸಿಮೆಂಟ್ ಗಿಲಾವಿನದು.

ಏಕೆಂದು ನೋಡೋಣ. ಮಣ್ಣು, ಇಟ್ಟಿಗೆ, ಸುಣ್ಣದ ಗಾರೆ ಎಲ್ಲವೂ ಸೂಕ್ಷ್ಮ ರಂಧ್ರಗಳಿಂದ ಕೂಡಿದ ವಸ್ತುಗಳು. ನೆಲದ ನೀರು ಈ ರಂಧ್ರಗಳಲ್ಲಿ ಲೋಮನಾಳ ಕ್ರಿಯೆಯಿಂದ ಮೇಲೇರುತ್ತದೆ. ನಾಳ ಕಿರಿದಾದಷ್ಟೂ ಏರಿಕೆ ಹೆಚ್ಚು, 0.01 ಮಿಲಿಮೀಟರ್ ತ್ರಿಜ್ಯದ ನಾಳದಲ್ಲಿ ನೀರು ಸುಮಾರು ಒಂದೂವರೆ ಮೀಟರ್ ಏರಬಲ್ಲದು. ಆದರೆ ಗೋಡೆಯಲ್ಲಿ ಅದು ಅಷ್ಟು ಎತ್ತರ ಹೋಗಲೇಬೇಕೆಂದಿಲ್ಲ. ಏರುವ ನೀರು ಗೋಡೆಯ ಎರಡೂ ಮೈಗಳಿಂದ ಆವಿಯಾಗುತ್ತಿರುತ್ತದೆ. ಕೆಳಗಿನಿಂದ ಬರುವಷ್ಟೇ ನೀರು ಪಕ್ಕಗಳಿಂದ ಆವಿಯಾದಾಗ ತೇವದ ಗೆರೆ ಅಲ್ಲಿಗೇ ನಿಲ್ಲುತ್ತದೆ. ಸುಣ್ಣ ಬಳಿದ ಗೋಡೆಯಲ್ಲಿ ಈ ಗೆರೆ ಬುಡದಲ್ಲೇ, ಯಾರಿಗೂ ತೊಂದರೆಯಾಗದಂತೆ ಇರುತ್ತಿತ್ತು.

ಸಿಮೆಂಟ್ ಗಿಲಾವು ಸುಣ್ಣಕ್ಕಿಂತ ಬಹಳ ಬಿಗಿಯಾದುದು; ಆವಿ ಅದರ ಮೂಲಕ ಸುಲಭವಾಗಿ ಹಾಯುವುದಿಲ್ಲ. ದಾರಿ ಮುಚ್ಚಿದ ನೀರು ಇನ್ನೂ ಮೇಲೇರಿ, ಗಿಲಾವು ಮುಗಿಯುವ ಕಡೆ ಹೊರಬೀಳುತ್ತದೆ. ಜೊತೆಗೆ ತಂದ ಲವಣಗಳು ಗಿಲಾವಿನ ಹಿಂದೆ ಹರಳುಗಟ್ಟಿ ಹಿಗ್ಗುತ್ತವೆ. ಆಗ ಸಿಮೆಂಟು ಪದರ ಗೋಡೆಯ ಮೈಯನ್ನೂ ಕಿತ್ತುಕೊಂಡೇ ಬೀಳುತ್ತದೆ. ಮಾಲೀಕರು ಮತ್ತೆ ಸಿಮೆಂಟ್ ಬಳಿಸುತ್ತಾರೆ, ಈ ಸಲ ಇನ್ನೂ ಒಂದಡಿ ಎತ್ತರಕ್ಕೆ! ನಾಲೆಯ ಬಯಲಿನಲ್ಲಿ ಭತ್ತದ ಗದ್ದೆಗಳ ನಡುವಿನ ಊರುಗಳಲ್ಲಿ ಅಂತರ್ಜಲ ನೆಲಮಟ್ಟಕ್ಕೆ ಹತ್ತಿರ ಇರುವುದರಿಂದ ಈ ತಪ್ಪಿಗೆ ದಂಡ ಹೆಚ್ಚು.

ಇದನ್ನು ತರಗತಿಯಲ್ಲೇ ತೋರಿಸಬಹುದು. ಒಂದೇ ಬಗೆಯ ಎರಡು ಇಟ್ಟಿಗೆಗಳನ್ನು ತಟ್ಟೆಯಲ್ಲಿ ನೆಟ್ಟಗೆ ನಿಲ್ಲಿಸಿ. ಒಂದಕ್ಕೆ ಬುಡದಿಂದ ಮುಕ್ಕಾಲು ಎತ್ತರದವರೆಗೆ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿ, ಅಡಿಭಾಗ ತೆರೆದಿರಲಿ. ತಟ್ಟೆಗೆ ಎರಡು ಸೆಂಟಿಮೀಟರ್ ಉಪ್ಪುನೀರು ಹಾಕಿ, ಕಡಿಮೆಯಾದಂತೆ ಬರೀ ನೀರು ತುಂಬಿಸುತ್ತಿರಿ. ಬಿಸಿಲು, ಗಾಳಿ ಇರುವ ಕಡೆ ಇಟ್ಟು ವಾರಗಟ್ಟಲೆ ಗಮನಿಸಿ. ಬಿಳಿ ಹರಳು ಯಾವುದರಲ್ಲಿ ಎಷ್ಟು ಎತ್ತರದಲ್ಲಿ ಮೂಡಿತು ಎಂಬುದನ್ನು ವಿದ್ಯಾರ್ಥಿಗಳೇ ಅಳೆಯಲಿ.

ಹಾಗಾದರೆ ದುರಸ್ತಿ ಹೇಗೆ? ಮೊದಲು ನೀರಿನ ಮೂಲ ಹುಡುಕಬೇಕು. ಬೀದಿಗೆ ವರ್ಷ ವರ್ಷ ಡಾಂಬರು ಹಾಕಿ ಹಾಕಿ ರಸ್ತೆಯೇ ಜಗಲಿಯ ಮಟ್ಟಕ್ಕೆ ಬಂದಿರುವ ಮನೆಗಳು ಎಷ್ಟಿಲ್ಲ? ಅಂಥ ಕಡೆ ಗೋಡೆಯ ಬದಿಯಲ್ಲಿ ಕಾಲುವೆ ತೋಡಿ ಮಳೆನೀರನ್ನು ದೂರ ಸಾಗಿಸಬೇಕು. ಸೋರುವ ಬಚ್ಚಲು, ಒಡೆದ ಹೆಂಚು ಸರಿಯಾಗಬೇಕು. ಆನಂತರ ಸಿಮೆಂಟ್ ಗಿಲಾವನ್ನು ಕಿತ್ತು, ಗೋಡೆಯನ್ನು ಒಂದು ಬೇಸಿಗೆ ಪೂರ್ತಿ ಒಣಗಲು ಬಿಡಬೇಕು. ಹೊರಬಂದ ಲವಣವನ್ನು ಒಣ ಬ್ರಷ್‌ನಿಂದ ತೆಗೆಯಬೇಕು. ತೊಳೆದರೆ ಅದು ಕರಗಿ ಮತ್ತೆ ಒಳಗೆ ಹೋಗುತ್ತದೆ. ಕೊನೆಗೆ ಚೆನ್ನಾಗಿ ನೆನೆದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು ಬೆರೆಸಿದ ಗಾರೆ. ಇದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಮತ್ತೆ ಕ್ಯಾಲ್ಸಿಯಮ್ ಕಾರ್ಬೊನೇಟ್ ಆಗುತ್ತದೆ. ಅವಸರದವರಿಗೆ ಇದು ಒಗ್ಗದು. ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಕುದಿಯುವಷ್ಟು ಶಾಖ ಹುಟ್ಟುವುದರಿಂದ ಆ ಕೆಲಸಕ್ಕೆ ಮಕ್ಕಳನ್ನು ಹತ್ತಿರ ಬಿಡಬೇಡಿ.

ಸುಣ್ಣ ಬಳಸಿದರೆ ಇಂಧನ ಉಳಿಯುತ್ತದೆ ಎಂದು ಕೆಲವರು ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡಬೇಕು. ಕಿಲೋಗ್ರಾಂ ಲೆಕ್ಕದಲ್ಲಿ ಸಿಮೆಂಟಿಗೂ ಸುಣ್ಣಕ್ಕೂ ತಗಲುವ ಶಕ್ತಿ ಹೆಚ್ಚುಕಡಿಮೆ ಸಮ. ಹಳೆಯ ಗೋಡೆಗೆ ಸುಣ್ಣವೇ ಬೇಕೆನ್ನುವುದು ಅದರ ರಂಧ್ರಗಳಿಗಾಗಿ. ನಿಜವಾದ ಉಳಿತಾಯ ಇರುವುದು ಕೆಡವದೆ ಇರುವುದರಲ್ಲಿ.

ಆ ಲೆಕ್ಕವನ್ನು ನಮ್ಮವರೇ ಮಾಡಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಘಟಕ, ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಬಳಕೆಗೆ ತಂದಿತು. ಅಲ್ಲಿನ ಬಿ. ವಿ. ವೆಂಕಟರಾಮ ರೆಡ್ಡಿ ಮತ್ತು ಕೆ. ಎಸ್. ಜಗದೀಶ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಒಂದು ಘನಮೀಟರ್ ಸುಟ್ಟ ಇಟ್ಟಿಗೆ ಗೋಡೆಗೆ ಸುಮಾರು 2,100 ಮೆಗಾಜೂಲ್ ಶಕ್ತಿ ಬೇಕು. ಶೇಕಡಾ 6ರಿಂದ 8ರಷ್ಟು ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯ ಗೋಡೆಗೆ 650ರಿಂದ 800 ಮೆಗಾಜೂಲ್ ಸಾಕು. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲದ ಒಂದು ಕೋಣೆಗೆ ಸುಮಾರು ಎಂಟು ಘನಮೀಟರ್ ಗೋಡೆ ಎಂದುಕೊಳ್ಳಿ. ಉಳಿತಾಯ ಹತ್ತು ಸಾವಿರ ಮೆಗಾಜೂಲ್, ಅಂದರೆ ಅರ್ಧ ಟನ್ನಿಗೂ ಹೆಚ್ಚು ಸೌದೆಯ ಶಾಖ.

ಈ ಸೀಮೆಯ ಕೆಂಪು ಮರಳುಗೂಡಿದ ಮಣ್ಣು ಇಂಥ ಇಟ್ಟಿಗೆಗೆ ಒಳ್ಳೆಯದು. ಎರೆಮಣ್ಣು ಬೇಡ, ನೆನೆದಾಗ ಹಿಗ್ಗಿ, ಒಣಗಿದಾಗ ಬಿರಿಯುತ್ತದೆ. ಗಾಜಿನ ಬಾಟಲಿಯಲ್ಲಿ ಮಣ್ಣು, ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಇಡಿ. ಮರಳು ಕ್ಷಣಗಳಲ್ಲಿ ತಳ ಸೇರುತ್ತದೆ, ಜೇಡಿ ಮರುದಿನದ ಹೊತ್ತಿಗೆ ಮೇಲೆ ಪದರವಾಗುತ್ತದೆ. ಜೇಡಿ ಪದರ ದಪ್ಪವಿದ್ದರೆ ಮರಳು ಬೆರೆಸಬೇಕು.

ಹೊಸ ಕೋಣೆಯನ್ನು ಹಳೆಯ ಗೋಡೆಗೆ ಹಲ್ಲು ಬಿಟ್ಟು ಬೆಸೆಯುವುದು ಇನ್ನೊಂದು ಸಾಮಾನ್ಯ ತಪ್ಪು. ಹಳೆಯ ತಳಪಾಯ ಎಂದೋ ಕುಸಿದು ನಿಂತಿದೆ. ಹೊಸದು ಇನ್ನು ಮೇಲೆ ಕುಸಿಯಬೇಕು. ಬೆಸೆದರೆ ಬಿರುಕು ಖಚಿತ. ಎರಡರ ನಡುವೆ ಒಂದೆರಡು ಸೆಂಟಿಮೀಟರ್ ಸಂದು ಬಿಟ್ಟು, ಮೇಲೆ ತಗಡು ಮುಚ್ಚಿದರೆ ಮಳೆನೀರು ಇಳಿಯದು. ಹೊಸ ಕೋಣೆಗೆ ಕಾಂಕ್ರೀಟ್ ತಾರಸಿಯೇ ಬೇಕೆಂದರೆ, ಇಳಿಸಿದ ಹಳೆಯ ಹೆಂಚುಗಳನ್ನು ಅದರ ಕೆಳಭಾಗದಲ್ಲಿ ಕಂಬಿಗಳ ನಡುವೆ ಹೂಡಬಹುದು. ತಾರಸಿಯ ಕೆಳಭಾಗದಲ್ಲಿ ಎಳೆತವನ್ನು ತಡೆಯುವುದು ಕಬ್ಬಿಣ. ಅಲ್ಲಿನ ಕಾಂಕ್ರೀಟ್ ಬಹುಪಾಲು ಭಾರ ಮಾತ್ರ. ಆದರೆ ಇದನ್ನು ಎಂಜಿನಿಯರ್ ಲೆಕ್ಕ ಹಾಕಿಯೇ ಮಾಡಬೇಕು.

ಶಾಖದ ಮಾತು. ಮೊಳ ದಪ್ಪದ ಮಣ್ಣಿನ ಗೋಡೆಗೆ ಹೊರಗೆ ತಾಗಿದ ಬಿಸಿಯ ಅಲೆ ಒಳಮೈಗೆ ಬರಲು ಹನ್ನೆರಡು ಗಂಟೆಗೂ ಹೆಚ್ಚು ಹಿಡಿಯುತ್ತದೆ, ಬರುವಷ್ಟರಲ್ಲಿ ಸೊರಗಿರುತ್ತದೆ. ನಾಲ್ಕಿಂಚಿನ ಕಾಂಕ್ರೀಟ್ ತಾರಸಿಯನ್ನು ಅದು ಸುಮಾರು ಮೂರು ಗಂಟೆಯಲ್ಲಿ ದಾಟುತ್ತದೆ. ಸಂಜೆ ಫ್ಯಾನ್ ಹಾಕಿದರೂ ಬಿಸಿಗಾಳಿ ಬರುವುದು ಇದರಿಂದಲೇ. ಹೆಂಚಿನ ಮಾಡು ಮಧ್ಯಾಹ್ನ ಸೆಕೆ ಕೊಡುವುದು ನಿಜ, ಆದರೆ ರಾತ್ರಿ ಬೇಗ ತಣಿಯುತ್ತದೆ.

ಇನ್ನು ಹಿತ್ತಲು. ಇಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ನೂರು ಚದರ ಮೀಟರ್ ಮಾಡಿನ ಮೇಲೆ ಬೀಳುವುದು 70,000 ಲೀಟರ್. ಐದರಲ್ಲಿ ಒಂದು ಪಾಲು ನಷ್ಟವೆಂದು ಹಿಡಿದರೂ 56,000 ಲೀಟರ್ ಸಿಗುತ್ತದೆ. ಅಂತರ್ಜಲ ಕೆಳಗಿಳಿದಿರುವ ಒಣಭೂಮಿಯ ಊರುಗಳಲ್ಲಿ ಇದನ್ನು ಇಂಗಿಸಬಹುದು. ಗದ್ದೆ ಬಯಲಿನ ಊರಿನಲ್ಲಿ ಇಂಗುಗುಂಡಿ ತೋಡಿದರೆ ಅದರಿಂದಲೇ ನೀರು ಉಕ್ಕೀತು. ಅಲ್ಲಿ ತೊಟ್ಟಿಯೇ ಸರಿ.

ಹುಲ್ಲುಹಾಸು ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ ಸುಮಾರು ಐದು ಲೀಟರ್ ಕುಡಿಯುತ್ತದೆ. ಅದನ್ನು ಗೋಡೆಯ ಬುಡಕ್ಕೆ ಬೆಳೆಸಿ, ನೀರು ಹಾಯಿಸಿ, ಗೋಡೆ ಒದ್ದೆ ಎಂದು ದೂರುವುದರಲ್ಲಿ ಅರ್ಥವಿಲ್ಲ. ಗೋಡೆಯಿಂದ ಒಂದು ಮೀಟರ್ ಒಣಗಿರಲಿ. ಅದರಾಚೆ ಈ ಒಣ ಸೀಮೆಯ ಗಿಡಗಳಾದ ತಂಗಡಿ, ಲಕ್ಕಿ, ಆಡುಸೋಗೆ, ಕರಿಬೇವು ಇರಲಿ. ಬೇರೂರಿದ ಮೇಲೆ ಇವು ಹೆಚ್ಚು ನೀರು ಕೇಳುವುದಿಲ್ಲ. ತಂಗಡಿ, ಕರಿಬೇವುಗಳ ಮೇಲೆ ಚಿಟ್ಟೆಗಳು ಮೊಟ್ಟೆಯಿಡುತ್ತವೆ. ಎಲೆ ತಿಂದವೆಂದು ಔಷಧಿ ಹೊಡೆಯಬೇಡಿ. ಬಚ್ಚಲ ನೀರಿಗೆ ಹಿಂದಿನವರಂತೆ ಬಾಳೆ ಇದೆ.

ಪಡುವಣ ಬಿಸಿಲಿಗೆ ಮರ ನೆಡುವಾಗ ಎಲೆಯ ಕಾಲವನ್ನು ನೋಡಿ. ಕಕ್ಕೆ ಹಳದಿ ಹೂಗೊಂಚಲು ಬಿಡುವಾಗ ಎಲೆ ಉದುರಿಸಿರುತ್ತದೆ. ಸುಡುವ ಏಪ್ರಿಲ್‌ನಲ್ಲಿ ನೆರಳಿಲ್ಲ. ಹೊಂಗೆ ಅದಕ್ಕೂ ಮೊದಲೇ ಎಲೆ ಕಳಚಿ, ಬಿಸಿಲು ಏರುವ ಹೊತ್ತಿಗೆ ಹೊಸ ಚಿಗುರಿನಿಂದ ದಟ್ಟವಾಗಿರುತ್ತದೆ. ಪಶ್ಚಿಮಕ್ಕೆ ಹೊಂಗೆ, ಗೋಡೆಯಿಂದ ಐದಾರು ಮೀಟರ್ ದೂರದಲ್ಲಿ. ಕಕ್ಕೆಯನ್ನು ಜಗಲಿಯಲ್ಲಿ ಕುಳಿತಾಗ ಕಾಣುವ ಕಡೆ ನೆಡಿ.